ಕರೆಂಟ್ ಬಿಲ್ ಇಳಿಸಬೇಕೇ? ಮೊದಲು ಅಳೆಯಿರಿ, ಆಮೇಲೆ ರಿಪೇರಿಗೆ ಕೈ ಹಾಕಿ

"ಬಿಲ್ 200 ಯೂನಿಟ್ ದಾಟಿಬಿಟ್ಟಿದೆ, ಏನು ಮಾಡಲಿ?" "ಫ್ಯಾನ್ ನಿಧಾನ ಆಗಿದೆ, ನಾನೇ ಸರಿ ಮಾಡಬಹುದಾ?" "ಗೀಸರ್ ಪ್ಲಗ್ ಕಪ್ಪಾಗಿದೆ, ಬರೀ ಸಾಕೆಟ್ ಬದಲಿಸಿದರೆ ಸಾಕಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಯಾಕೆಂದರೆ ಮನೆಯ ವೈರಿಂಗ್, ಸೋರುವ ನಲ್ಲಿ, ಹಳೆಯ ಫ್ಯಾನ್, ತಿಂಗಳ ಬಿಲ್ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ.

ಹೆಚ್ಚಿನವರು ಮಾಡುವುದೇನು? ಬಿಲ್ ಜಾಸ್ತಿ ಬಂದ ಕೂಡಲೇ ಬಲ್ಬ್ ಬದಲಿಸುತ್ತಾರೆ. ಎಲ್ಲೋ ಜಾಹೀರಾತು ನೋಡಿ "ಪವರ್ ಸೇವರ್" ಡಬ್ಬಿ ತಂದು ಪ್ಲಗ್‌ಗೆ ಸಿಕ್ಕಿಸುತ್ತಾರೆ. ಆ ಡಬ್ಬಿಯಿಂದ ಮನೆ ಮೀಟರ್‌ನಲ್ಲಿ ಒಂದು ಯೂನಿಟ್ ಕೂಡ ಇಳಿಯುವುದಿಲ್ಲ. ಅದಕ್ಕೆ ದಯವಿಟ್ಟು ದುಡ್ಡು ಹಾಕಬೇಡಿ. ಯಾವುದು ಎಷ್ಟು ಕರೆಂಟ್ ತಿನ್ನುತ್ತಿದೆ ಎಂದು ಅಳೆದ ಮೇಲೆಯೇ ಸ್ಕ್ರೂಡ್ರೈವರ್ ಹಿಡಿಯಿರಿ.

ಈ ಲೇಖನ ಕರ್ನಾಟಕದ ಸಾಮಾನ್ಯ ಸಿಂಗಲ್ ಫೇಸ್ ಮನೆಗೆ ಬರೆದದ್ದು. ಅಂದರೆ 230 ವೋಲ್ಟ್, ಒಂದು ಮೀಟರ್, ಒಂದು ಎಂಸಿಬಿ ಡಬ್ಬಿ (ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಸ್ವಿಚ್‌ಗಳಿರುವ ಡಬ್ಬಿ), ಬಹುಶಃ ಒಂದು ಯುಪಿಎಸ್.

200 ಯೂನಿಟ್‌ನ ಲೆಕ್ಕ

ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಇರುವವರು ಇದನ್ನು ಮೊದಲು ಅರ್ಥ ಮಾಡಿಕೊಳ್ಳಿ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಬರುವುದು ನಿಮ್ಮ ಉಚಿತ ಮಿತಿ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ. 10ರ ಬದಲು 10 ಯೂನಿಟ್ ಸೇರುತ್ತದೆ. ಮಿತಿ ದಾಟಿದರೂ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ನಿಮ್ಮ ಸರಾಸರಿ 150 ಇತ್ತು ಎಂದುಕೊಳ್ಳಿ. ಮಿತಿ 165. ಈ ತಿಂಗಳು 190 ಬಳಸಿದರೆ 25 ಯೂನಿಟ್‌ಗೆ ಕಟ್ಟುತ್ತೀರಿ. 205 ಬಳಸಿದರೆ 205ಕ್ಕೂ ಕಟ್ಟುತ್ತೀರಿ, ಮೇಲೆ ನಿಗದಿತ ಶುಲ್ಕ. 2025-26ರ ದರಪಟ್ಟಿಯಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5.80 ರೂ. ಇದೆ. ಸರ್‌ಚಾರ್ಜ್, ತೆರಿಗೆ ಸೇರಿ 7 ರೂ. ಹತ್ತಿರ ಹೋಗುತ್ತದೆ. ಮುಂದೆ ಎಲ್ಲ ಕಡೆ 7 ರೂ. ಎಂದೇ ಲೆಕ್ಕ ಹಾಕಿದ್ದೇನೆ. ಅಂದರೆ 190ಕ್ಕೂ 205ಕ್ಕೂ ನಡುವಿನ 15 ಯೂನಿಟ್‌ಗೆ ಸಾವಿರ ರೂಪಾಯಿಗೂ ಮೀರಿದ ವ್ಯತ್ಯಾಸ. ಒಂದು ಹಳೆಯ ಫ್ಯಾನ್ ಬದಲಿಸಿದರೆ ತಿಂಗಳಿಗೆ ಉಳಿಯುವುದು ಹೆಚ್ಚು ಕಡಿಮೆ ಇಷ್ಟೇ ಯೂನಿಟ್. ಲೆಕ್ಕ ಆಮೇಲೆ ಬರುತ್ತದೆ.

ಇನ್ನೊಂದು ಮಾತು. ನಿಮ್ಮ ಬಳಕೆ ಉಚಿತ ಮಿತಿಯ ಒಳಗೇ ಆರಾಮಾಗಿ ಇದ್ದರೆ, ಉಳಿತಾಯಕ್ಕಾಗಿ ಹೊಸ ಸಾಮಾನು ಕೊಳ್ಳುವ ಅವಸರ ಬೇಡ. ಆ ದುಡ್ಡನ್ನು ಅರ್ಥಿಂಗ್‌ಗೆ (ಸೋರಿದ ಕರೆಂಟನ್ನು ನೆಲಕ್ಕೆ ಹರಿಸುವ ವ್ಯವಸ್ಥೆ), ಆರ್‌ಸಿಸಿಬಿಗೆ (ಶಾಕ್‌ನಿಂದ ಕಾಪಾಡುವ ಸ್ವಿಚ್) ಹಾಕಿ.

ಬೇಕಾದ ಸಾಮಾನು

ಇನ್ಸುಲೇಷನ್ ಇರುವ ಸ್ಕ್ರೂಡ್ರೈವರ್ ಎರಡು (ಚಪ್ಪಟೆ, ಸ್ಟಾರ್), ಕಟಿಂಗ್ ಪ್ಲೇಯರ್, ವೈರ್ ಸ್ಟ್ರಿಪ್ಪರ್, ಲೈನ್ ಟೆಸ್ಟರ್, ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಇನ್ಸುಲೇಷನ್ ಟೇಪ್, ಕನೆಕ್ಟರ್ ಸ್ಟ್ರಿಪ್, ಒಣಗಿದ ರಬ್ಬರ್ ಚಪ್ಪಲಿ, ಅಲುಗಾಡದ ಏಣಿ. ನಲ್ಲಿ ಕೆಲಸಕ್ಕೆ ಸ್ಲೈಡಿಂಗ್ ಸ್ಪ್ಯಾನರ್, ಟೆಫ್ಲಾನ್ ಟೇಪ್. ಇದರ ಜೊತೆ ಪ್ಲಗ್‌ಗೆ ಸಿಕ್ಕಿಸಿದರೆ ಮೂರು ದೀಪ ತೋರಿಸುವ ಸಾಕೆಟ್ ಟೆಸ್ಟರ್ ಸಿಗುತ್ತದೆ. ಹೊಸಬರು ಅದನ್ನು ಖಂಡಿತ ತೆಗೆದುಕೊಳ್ಳಿ. ಮಲ್ಟಿಮೀಟರ್ ಕಡ್ಡಿಗಳನ್ನು ಸಾಕೆಟ್ ಒಳಗೆ ಹಾಕುವ ಪ್ರಮೇಯವೇ ಬರುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಇನ್ನೊಬ್ಬರು ಇರಬೇಕು. ಒಬ್ಬರೇ ಇರುವಾಗ ಕರೆಂಟ್ ಕೆಲಸ ಬೇಡ.

ಹಂತ 1: ನಿಮ್ಮ ಕೆಲಸ ಎಲ್ಲಿಗೆ ಮುಗಿಯುತ್ತದೆ?

ಇದನ್ನು ಕಾನೂನೇ ಹೇಳಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಬೇಕು. ಆದರೆ ದೀಪ, ಫ್ಯಾನ್, ಫ್ಯೂಸ್, ಸ್ವಿಚ್, 250 ವೋಲ್ಟ್ ಮೀರದ ಮನೆ ಸಾಧನ ಮತ್ತು ಫಿಟಿಂಗ್‌ಗಳನ್ನು ಬದಲಿಸುವುದಕ್ಕೆ ವಿನಾಯಿತಿ ಇದೆ. ಒಂದೇ ಷರತ್ತು: ಆ ಬದಲಾವಣೆಯಿಂದ ವೈರಿಂಗ್‌ನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು.

ಸರಳವಾಗಿ ಹೇಳುವುದಾದರೆ, ಇದ್ದ ಜಾಗದಲ್ಲಿ ಇದ್ದಂಥದ್ದನ್ನೇ ಹಾಕುವುದು ನಿಮ್ಮ ಕೆಲಸ. ಹೊಸ ಪಾಯಿಂಟ್ ಎಳೆಯುವುದು, 6 ಆಂಪ್ ಜಾಗಕ್ಕೆ 16 ಆಂಪ್ ಸಾಕೆಟ್ ಹಾಕುವುದು, ಎಂಸಿಬಿ ಡಬ್ಬಿ ಬಿಚ್ಚುವುದು, ಅರ್ಥ್ ಗುಂಡಿ ತೋಡುವುದು ಎಲೆಕ್ಟ್ರಿಷಿಯನ್ ಕೆಲಸ. ಮೀಟರ್, ಅದರ ಸೀಲ್, ಕಂಬದಿಂದ ಬರುವ ಸರ್ವಿಸ್ ವೈರ್ ಎಸ್ಕಾಂನವರದ್ದು (ಬೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿ). ಸೀಲ್ ಮುಟ್ಟಿದರೆ 2003ರ ವಿದ್ಯುತ್ ಕಾಯ್ದೆಯಡಿ ಅಪರಾಧ ಆಗುತ್ತದೆ.

ಯುಪಿಎಸ್ ಇರುವ ಮನೆಯವರು ಇಲ್ಲಿ ನಿಂತು ಓದಿ. ಮೇನ್ ಸ್ವಿಚ್ ಆಫ್ ಮಾಡಿದರೂ ಯುಪಿಎಸ್‌ಗೆ ಸೇರಿದ ದೀಪ, ಫ್ಯಾನ್ ಪಾಯಿಂಟ್‌ಗಳಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಮೇನ್ ಹೋದ ಕೂಡಲೇ ಬ್ಯಾಟರಿಯಿಂದ ಕರೆಂಟ್ ಕೊಡುವುದೇ ಅದರ ಕೆಲಸ ಅಲ್ವಾ? ಆದ್ದರಿಂದ ಕೆಲಸಕ್ಕೆ ಮುಂಚೆ ಎಂಸಿಬಿಯೂ ಆಫ್, ಯುಪಿಎಸ್‌ನ ಸ್ವಿಚ್ಚೂ ಆಫ್, ಯುಪಿಎಸ್‌ಗೆ ಕರೆಂಟ್ ಹೋಗುವ ಪ್ಲಗ್ಗೂ ಹೊರಗೆ.

ಆಫ್ ಮಾಡಿದ ಮೇಲೆ ಟೆಸ್ಟರ್‌ನಿಂದ ಮೂರು ಸಲ ನೋಡಿ. ಮೊದಲು ಕರೆಂಟ್ ಇರುವುದು ಖಾತ್ರಿ ಇರುವ ಬೇರೆ ಸಾಕೆಟ್‌ನಲ್ಲಿ ಟೆಸ್ಟರ್ ಉರಿಯುತ್ತದಾ ನೋಡಿ. ಆಮೇಲೆ ಕೆಲಸ ಮಾಡುವ ಜಾಗದಲ್ಲಿ. ಮತ್ತೆ ಮೊದಲಿನ ಸಾಕೆಟ್‌ನಲ್ಲಿ. ಕೆಟ್ಟುಹೋದ ಟೆಸ್ಟರ್ ಎಲ್ಲ ಕಡೆಯೂ "ಕರೆಂಟ್ ಇಲ್ಲ" ಎಂದೇ ತೋರಿಸುತ್ತದೆ. ಅದಕ್ಕೇ ಈ ಮೂರು ಸಲದ ಪರೀಕ್ಷೆ. ಮನೆಯ ಎಲ್ಲ ಎಂಸಿಬಿಗಳನ್ನೂ ಆಫ್ ಮಾಡಿದ್ದರೆ ಟೆಸ್ಟರ್ ನೋಡಲು ಕರೆಂಟ್ ಇರುವ ಜಾಗವೇ ಉಳಿಯುವುದಿಲ್ಲ. ಹಾಗಾಗಿ ಕೆಲಸದ ಕೋಣೆಯ ಎಂಸಿಬಿಯನ್ನಷ್ಟೇ ಇಳಿಸಿ, ಅದರ ಮೇಲೆ ಟೇಪ್ ಅಂಟಿಸಿ, ಮನೆಯವರಿಗೆ ಹೇಳಿಡಿ.

ಯಾರಿಗಾದರೂ ಶಾಕ್ ಹೊಡೆದರೆ ಕೈಯಿಂದ ಎಳೆಯಬೇಡಿ. ಮೊದಲು ಮೇನ್ ಮತ್ತು ಯುಪಿಎಸ್ ಆಫ್ ಮಾಡಿ. ಅದು ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ. 108ಕ್ಕೆ ಕರೆ ಮಾಡಿ.

ಹಂತ 2: ಅರ್ಥ್ ಮತ್ತು ಆರ್‌ಸಿಸಿಬಿ ಪರೀಕ್ಷೆ

ಉಳಿತಾಯದ ಮಾತು ಆಮೇಲೆ. ಇದು ಆಗದೆ ಮುಂದಕ್ಕೆ ಹೋಗಬೇಡಿ.

ಎಂಸಿಬಿ ಎಂದರೆ ಲೋಡ್ ಜಾಸ್ತಿಯಾದಾಗ ಅಥವಾ ಶಾರ್ಟ್ ಆದಾಗ ತಾನಾಗಿ ಬೀಳುವ ಸ್ವಿಚ್. ಅದು ಕಾಪಾಡುವುದು ವೈರನ್ನು. ಮನುಷ್ಯನಿಗೆ ಶಾಕ್ ಹೊಡೆದರೆ ಅದು ಬೀಳುತ್ತದೆ ಎಂದು ನಂಬಬೇಡಿ. ಮೈ ಮೂಲಕ ಹರಿಯುವ ಕರೆಂಟ್ ಪ್ರಾಣ ತೆಗೆಯಲು ಸಾಕಾಗುತ್ತದೆ, ಎಂಸಿಬಿ ಬೀಳಿಸಲು ಸಾಕಾಗುವುದಿಲ್ಲ. ಮನುಷ್ಯನನ್ನು ಕಾಪಾಡುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಎಂದು ಅದು ನೋಡುತ್ತಿರುತ್ತದೆ. ಬರದೆ ಎಲ್ಲೋ ಸೋರಿದರೆ ತಕ್ಷಣ ಬೀಳುತ್ತದೆ. ಮನೆಗೆ ಬೇಕಾದ್ದು 30 ಮಿಲಿಆಂಪ್‌ನದ್ದು. ಅದರ ಮೇಲೆ 30 ಎಂಎ ಅಥವಾ 0.03 ಎ ಎಂದು ಬರೆದಿರುತ್ತದೆ. 100 ಅಥವಾ 300 ಎಂಎ ಇದ್ದರೆ ಅದು ಬೆಂಕಿ ತಡೆಯಲು ಇರುವುದು, ಶಾಕ್‌ನಿಂದ ಕಾಪಾಡಲು ಅಲ್ಲ.

ಅದರಲ್ಲಿ 'ಟಿ' ಎಂದು ಬರೆದ ಒಂದು ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತಿ. ಟಕ್ಕನೆ ಬೀಳಬೇಕು. ಬೀಳದಿದ್ದರೆ ಬದಲಿಸಲು ಎಲೆಕ್ಟ್ರಿಷಿಯನ್ ಕರೆಯಿರಿ. ಹಳೆಯ ಮನೆಗಳಲ್ಲಿ ಆರ್‌ಸಿಸಿಬಿ ಇರುವುದೇ ಇಲ್ಲ. ಈ ವರ್ಷ ಮನೆಗೆ ಒಂದೇ ಒಂದು ಖರ್ಚು ಮಾಡುವುದಿದ್ದರೆ ಇದಕ್ಕೇ ಮಾಡಿ.

ಇನ್ನು ಅರ್ಥ್. ಸಾಕೆಟ್ ಟೆಸ್ಟರನ್ನು ಎಲ್ಲ ಸಾಕೆಟ್‌ಗೂ ಸಿಕ್ಕಿಸಿ ನೋಡಿ. ಮಲ್ಟಿಮೀಟರ್ ಬಳಸಿ ಅಭ್ಯಾಸ ಇದ್ದವರು ಎಸಿ ವೋಲ್ಟ್‌ನ 600 ಅಥವಾ 750 ರೇಂಜ್‌ನಲ್ಲಿ ಹೀಗೆ ಅಳೆಯಬಹುದು:

- ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 220ರಿಂದ 240.
- ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚು ಕಡಿಮೆ ಅಷ್ಟೇ.
- ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್.

ಫೇಸ್–ಅರ್ಥ್ ನಡುವೆ ಸೊನ್ನೆಯೋ ಅರ್ಧಂಬರ್ಧ ಸಂಖ್ಯೆಯೋ ಬಂದರೆ ಅಲ್ಲಿ ಅರ್ಥ್ ಇಲ್ಲ. ಕೆಂಪು ಕಡ್ಡಿಯ ವೈರ್ ಮಲ್ಟಿಮೀಟರ್‌ನ '10 ಎ' ತೂತಿನಲ್ಲಿ ಇರಬಾರದು, ಅಳೆಯುವ ಮುಂಚೆ ನೋಡಿಕೊಳ್ಳಿ. ಅಲ್ಲಿದ್ದಾಗ ಸಾಕೆಟ್‌ಗೆ ಹಾಕಿದರೆ ನೇರ ಶಾರ್ಟ್. ಕೈಯಲ್ಲೇ ಸಿಡಿಯಬಹುದು.

ಇಲ್ಲಿ ಎರಡು ವಿಷಯ ನೆನಪಿರಲಿ. ಒಂದು, ವೋಲ್ಟ್ ಸರಿ ಬಂದ ಮಾತ್ರಕ್ಕೆ ಅರ್ಥ್ ಗಟ್ಟಿ ಇದೆ ಎಂದಲ್ಲ. ದೊಡ್ಡ ಕರೆಂಟ್ ಸೋರಿದಾಗ ಅದು ತಡೆಯುತ್ತದಾ ಎಂದು ಎಲೆಕ್ಟ್ರಿಷಿಯನ್ ತಮ್ಮ ಅರ್ಥ್ ಟೆಸ್ಟರ್‌ನಿಂದಲೇ ನೋಡಬೇಕು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗುತ್ತದೆ. ಆಗಾಗ ನೀರು ಹಾಕಿ. ಎರಡು, ಅರ್ಥ್ ಇಲ್ಲದ ಕಡೆ ಕೆಲವರು ಸಾಕೆಟ್ ಹಿಂದೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್‌ಗೆ ಸಣ್ಣ ವೈರ್ ಕೊಟ್ಟುಬಿಡುತ್ತಾರೆ. ಟೆಸ್ಟರ್ ದೀಪ ಸರಿಯಾಗಿಯೇ ಉರಿಯುತ್ತದೆ. ಆದರೆ ಮುಂದೆ ಎಂದಾದರೂ ನ್ಯೂಟ್ರಲ್ ಬಿಟ್ಟುಕೊಂಡರೆ ಗೀಸರ್, ಫ್ರಿಜ್, ವಾಷಿಂಗ್ ಮಷೀನ್‌ನ ಲೋಹದ ಮೈಯೆಲ್ಲ ಫೇಸ್ ಆಗುತ್ತದೆ. ಸ್ವಿಚ್ ಬೋರ್ಡ್ ಬಿಚ್ಚಿದಾಗ ಅಂಥ ವೈರ್ ಕಂಡರೆ ಆ ಸಾಕೆಟ್ ಬಳಸುವುದನ್ನೇ ನಿಲ್ಲಿಸಿ.

ಹಂತ 3: ಮೀಟರ್ ದೀಪದಿಂದ ವ್ಯಾಟ್ ಕಂಡುಹಿಡಿಯಿರಿ

ಒಂದು ಯೂನಿಟ್ ಎಂದರೆ ಸಾವಿರ ವ್ಯಾಟ್‌ನ ಸಾಧನ ಒಂದು ಗಂಟೆ ಓಡಿದರೆ ಆಗುವ ಬಳಕೆ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಗುಣಾಕಾರ.

ಡಿಜಿಟಲ್ ಮೀಟರ್‌ನಲ್ಲಿ ಒಂದು ಚಿಕ್ಕ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂದು ಮೀಟರ್ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 3200 ಅಥವಾ 1600. ಹೀಗೆ ಮಾಡಿ:

1. ಮನೆಯಲ್ಲಿ ಎಲ್ಲವನ್ನೂ ಆಫ್ ಮಾಡಿ. ಫ್ರಿಜ್, ವೈಫೈ, ಸೆಟ್‌ಟಾಪ್ ಬಾಕ್ಸ್ ಪ್ಲಗ್ ತೆಗೆಯಿರಿ. ಯುಪಿಎಸ್‌ಗೆ ಕರೆಂಟ್ ಹೋಗುವ ಪ್ಲಗ್ಗನ್ನೂ ತೆಗೆಯಿರಿ.
2. ದೀಪ ನಿಂತಿತಾ ನೋಡಿ. ನಿಲ್ಲಬೇಕು.
3. ಪರೀಕ್ಷಿಸಬೇಕಾದ ಒಂದೇ ಸಾಧನ ಹಾಕಿ. ಒಂದು ನಿಮಿಷದಲ್ಲಿ ಎಷ್ಟು ಸಲ ಮಿನುಗಿತು ಎಣಿಸಿ.
4. 3200ರ ಮೀಟರ್ ಆದರೆ ಎಣಿಕೆಯನ್ನು 18.75ರಿಂದ ಗುಣಿಸಿ. 1600ರದ್ದಾದರೆ 37.5ರಿಂದ. ಬಂದ ಉತ್ತರವೇ ವ್ಯಾಟ್.

ಹಳೆಯ ಸೀಲಿಂಗ್ ಫ್ಯಾನ್ 3200ರ ಮೀಟರ್‌ನಲ್ಲಿ ನಿಮಿಷಕ್ಕೆ 4 ಸಲ ಮಿನುಗಿಸುತ್ತದೆ. ಅಂದರೆ 75 ವ್ಯಾಟ್. ಗೀಸರ್‌ಗೆ ನಿಮಿಷಕ್ಕೆ ನೂರು ದಾಟುವುದರಿಂದ ಎಣಿಸುವುದು ಕಷ್ಟ. ಹತ್ತು ಸೆಕೆಂಡ್ ಎಣಿಸಿ ಆರರಿಂದ ಗುಣಿಸಿಕೊಳ್ಳಿ. ಸಣ್ಣ ಸಾಧನಗಳಿಗೆ ಐದು ನಿಮಿಷ ಎಣಿಸಿ ಐದರಿಂದ ಭಾಗಿಸಿದರೆ ಲೆಕ್ಕ ನಿಖರವಾಗಿ ಬರುತ್ತದೆ. ಫ್ರಿಜ್ ಮಾತ್ರ ಈ ರೀತಿ ಅಳೆಯಲು ಆಗುವುದಿಲ್ಲ. ಅದರ ಕಂಪ್ರೆಸರ್ ಆಗಾಗ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಅದಕ್ಕೆ ಸ್ಟಾರ್ ಲೇಬಲ್ ಮೇಲಿನ ವರ್ಷದ ಯೂನಿಟ್ ಸಂಖ್ಯೆಯನ್ನು 12ರಿಂದ ಭಾಗಿಸಿ.

ಎಲ್ಲ ಆಫ್ ಇದ್ದರೂ ದೀಪ ಮಿನುಗುತ್ತಿದೆಯೇ? ಆಗ ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತಾ ಬನ್ನಿ. ಯಾವುದು ಇಳಿದಾಗ ನಿಲ್ಲುತ್ತದೋ ಆ ಸಾಲಿನಲ್ಲಿ ಏನೋ ಇದೆ. ಕೆಲವೊಮ್ಮೆ ಮರೆತುಹೋದ ಅಡಾಪ್ಟರ್, ಕೆಲವೊಮ್ಮೆ ಗೋಡೆಯೊಳಗೆ ಸೋರಿಕೆ. ಕೆಲವು ಮೀಟರ್‌ಗಳಲ್ಲಿ 'ಇಎಲ್' ಎಂಬ ಇನ್ನೊಂದು ದೀಪ ಇರುತ್ತದೆ. ಅದು ಉರಿದರೆ ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿಲ್ಲ ಎಂದರ್ಥ. ಪಕ್ಕದ ಪೋರ್ಷನ್‌ನ ನ್ಯೂಟ್ರಲ್ ನಿಮ್ಮದರ ಜೊತೆ ಕಲಸಿಹೋಗಿರಬಹುದು ಅಥವಾ ನಿಜವಾಗಿ ಭೂಮಿಗೆ ಸೋರುತ್ತಿರಬಹುದು. ಎರಡಕ್ಕೂ ಎಲೆಕ್ಟ್ರಿಷಿಯನ್ ಬೇಕು. ಆದರೆ "ಅಡುಗೆಮನೆ ಎಂಸಿಬಿ ಇಳಿಸಿದರೆ ನಿಲ್ಲುತ್ತದೆ" ಎಂದು ಹೇಳಬಲ್ಲ ಮನೆಯವರಿದ್ದರೆ ಅವರ ಕೆಲಸವೂ ಬೇಗ ಮುಗಿಯುತ್ತದೆ, ನಿಮ್ಮ ಖರ್ಚೂ ಕಡಿಮೆ.

ಒಂದು ಪುಸ್ತಕದಲ್ಲಿ ಪ್ರತಿ ಸಾಧನದ ವ್ಯಾಟ್, ದಿನಕ್ಕೆ ಎಷ್ಟು ಗಂಟೆ, ತಿಂಗಳ ಯೂನಿಟ್ ಬರೆಯಿರಿ. ಉದಾಹರಣೆಗೆ ಗೀಸರ್ 2000 ವ್ಯಾಟ್, ದಿನಕ್ಕೆ ಮುಕ್ಕಾಲು ಗಂಟೆ: ತಿಂಗಳಿಗೆ 45 ಯೂನಿಟ್. 75 ವ್ಯಾಟ್ ಫ್ಯಾನ್ 12 ಗಂಟೆ: 27 ಯೂನಿಟ್. ಯಾವಾಗಲೂ ಆನ್ ಇರುವ 10 ವ್ಯಾಟ್‌ನ ಸೆಟ್‌ಟಾಪ್ ಬಾಕ್ಸ್: 7 ಯೂನಿಟ್. ಚಿಕ್ಕದು ಎಂದುಕೊಂಡದ್ದು ಎಷ್ಟು ತಿನ್ನುತ್ತಿದೆ ಎಂಬುದು ಇಲ್ಲಿ ಬಯಲಾಗುತ್ತದೆ.

ಹಂತ 4: ಫ್ಯಾನ್

ನನ್ನ ಮಟ್ಟಿಗೆ ಮನೆಯವರೇ ಮಾಡಬಹುದಾದ ರಿಪೇರಿಗಳಲ್ಲಿ ಹೆಚ್ಚು ಲಾಭ ಇರುವುದು ಇದೇ.

ಫುಲ್ ಸ್ಪೀಡ್ ಇಟ್ಟರೂ ನಿಧಾನ ತಿರುಗುತ್ತಿದೆ, ಕೋಲಿನಿಂದ ತಳ್ಳಿದರೆ ಮಾತ್ರ ಶುರುವಾಗುತ್ತದೆ ಎಂದಾದರೆ ತಪ್ಪು ಸಾಮಾನ್ಯವಾಗಿ ಕಂಡೆನ್ಸರ್‌ನದ್ದು. ಕೆಪಾಸಿಟರ್‌ಗೆ ಅಂಗಡಿಯವರು ಹೇಳುವ ಹೆಸರು ಅದು. ಮೋಟಾರ್‌ಗೆ ಶುರುವಿನ ತಳ್ಳು ಕೊಡುವ ಚಿಕ್ಕ ಡಬ್ಬಿ. ಬೆಲೆ ನೂರು ರೂಪಾಯಿಯೂ ಆಗುವುದಿಲ್ಲ. ಆಫ್ ಇದ್ದಾಗ ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಿ. ಗಟ್ಟಿಯಾಗಿದ್ದರೆ ಅಥವಾ ಕರಕರ ಸದ್ದು ಬಂದರೆ ಬೇರಿಂಗ್ ಹೋಗಿದೆ. ಆಗ ಕಂಡೆನ್ಸರ್ ಬದಲಿಸಿ ಪ್ರಯೋಜನವಿಲ್ಲ.

1. ಎಂಸಿಬಿ, ಯುಪಿಎಸ್ ಆಫ್. ಮೂರು ಸಲದ ಟೆಸ್ಟರ್ ಪರೀಕ್ಷೆ.
2. ಏಣಿಯನ್ನು ಇನ್ನೊಬ್ಬರು ಹಿಡಿಯಲಿ. ಸ್ಟೂಲ್ ಮೇಲೆ ಸ್ಟೂಲ್ ಇಡುವುದು ಬೇಡ.
3. ಮೋಟಾರ್ ಮೇಲಿನ ಕಪ್‌ನ ಸ್ಕ್ರೂ ಸಡಿಲಿಸಿ ಮೇಲಕ್ಕೆ ಸರಿಸಿ. ಎರಡು ವೈರ್ ಇರುವ ಡಬ್ಬಿ ಕಾಣುತ್ತದೆ. ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ.
4. ಕಂಡೆನ್ಸರ್‌ನಲ್ಲಿ ಕರೆಂಟ್ ಉಳಿದಿರಬಹುದು. ಹಿಡಿ ಇನ್ಸುಲೇಟ್ ಆಗಿರುವ ಸ್ಕ್ರೂಡ್ರೈವರ್‌ನಿಂದ ಅದರ ಎರಡೂ ತುದಿಗಳನ್ನು ಒಟ್ಟಿಗೆ ಮುಟ್ಟಿಸಿ ಖಾಲಿ ಮಾಡಿ.
5. ಮೇಲೆ ಬರೆದ ಸಂಖ್ಯೆ ನೋಡಿ. ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್, 440 ವೋಲ್ಟ್. ಅದೇ ಸಂಖ್ಯೆಯದನ್ನೇ ತನ್ನಿ.
6. ಹಳೆಯದು ಇದ್ದ ಎರಡೇ ತುದಿಗಳಿಗೆ ಹೊಸದನ್ನು ಜೋಡಿಸಿ. ಅದರಲ್ಲಿ ಹಿಂದುಮುಂದು ಎಂಬುದಿಲ್ಲ. ಗಟ್ಟಿ ಮಾಡಿ, ಟೇಪ್ ಸುತ್ತಿ, ಕಪ್ ಇಳಿಸಿ.

"3.15 ಹಾಕಿದರೆ ಇನ್ನೂ ಜೋರಾಗಿ ತಿರುಗುತ್ತದೆ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. 2.5ಕ್ಕೆ ಮಾಡಿದ ಮೋಟಾರ್‌ಗೆ ಅದನ್ನು ಹಾಕಿದರೆ ವೈಂಡಿಂಗ್ ಬಿಸಿಯಾಗುತ್ತದೆ.

ಬಿಲ್ ಇಳಿಯಬೇಕಾದರೆ ಬಿಎಲ್‌ಡಿಸಿ ಫ್ಯಾನ್. ಬ್ರಷ್ ಇಲ್ಲದ ಮೋಟಾರ್, ಎಲೆಕ್ಟ್ರಾನಿಕ್ ಸರ್ಕ್ಯೂಟ್‌ನಿಂದ ತಿರುಗುತ್ತದೆ. ಹಳೆಯದು 75 ವ್ಯಾಟ್ ತಿಂದರೆ ಇದು ಸುಮಾರು 30. ದಿನಕ್ಕೆ 12 ಗಂಟೆ ಓಡುವ ಫ್ಯಾನ್‌ಗೆ ತಿಂಗಳಿಗೆ 16 ಯೂನಿಟ್ ಉಳಿತಾಯ, ಅಂದರೆ 112 ರೂ. 2,700 ರೂ. ಕೊಟ್ಟು ಕೊಂಡರೆ ಎರಡು ವರ್ಷದಲ್ಲಿ ಹಣ ವಾಪಸ್. ದಿನಕ್ಕೆ ಎರಡು ಗಂಟೆ ಓಡುವ ಅತಿಥಿ ಕೋಣೆಯ ಫ್ಯಾನ್ ಬದಲಿಸಬೇಡಿ, ಆ ದುಡ್ಡು ವಾಪಸ್ ಬರುವುದಕ್ಕೆ ಹತ್ತು ವರ್ಷಕ್ಕೂ ಜಾಸ್ತಿ ಬೇಕು. ಹಗಲೂ ರಾತ್ರಿ ಓಡುವುದನ್ನು ಬದಲಿಸಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಅಂಗಡಿಯಲ್ಲಿ ಅದನ್ನು ನೋಡಿ ತನ್ನಿ.

ಬಿಎಲ್‌ಡಿಸಿ ಹಾಕುವವರು ಎಡವುವುದು ರೆಗ್ಯುಲೇಟರ್‌ನಲ್ಲಿ. ಗೋಡೆಯ ರೆಗ್ಯುಲೇಟರ್ ಇದ್ದಂತೆಯೇ ಬಿಟ್ಟು ಹಾಕಿದರೆ ಫ್ಯಾನ್‌ನ ಸರ್ಕ್ಯೂಟ್ ಹಾಳಾಗಬಹುದು. ರೆಗ್ಯುಲೇಟರ್ ತೆಗೆದು ಅದರ ಎರಡು ವೈರ್‌ಗಳನ್ನು ಕನೆಕ್ಟರ್ ಸ್ಟ್ರಿಪ್‌ನಲ್ಲಿ ಸೇರಿಸಿ, ಖಾಲಿ ಜಾಗಕ್ಕೆ ಬ್ಲ್ಯಾಂಕ್ ಪ್ಲೇಟ್ ಮುಚ್ಚಿ. ಫ್ಯಾನ್ ತೂಗುಹಾಕಿದ ಮೇಲೆ ಬೋಲ್ಟ್‌ಗೆ ಸ್ಪ್ಲಿಟ್ ಪಿನ್ ಹಾಕುವುದನ್ನು ಮರೆಯಬೇಡಿ.

ಹಂತ 5: ಸುಟ್ಟ ಸಾಕೆಟ್

ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ ಹಾಕುವ ಸಾಕೆಟ್ ಕಪ್ಪಾಗುವುದು ಯಾಕೆ? ವೈರ್ ಸ್ಕ್ರೂ ಸಡಿಲ. ಸಡಿಲ ಜಾಗದಲ್ಲಿ ಬಿಸಿ ಹುಟ್ಟುತ್ತದೆ, ಬಿಸಿಗೆ ಇನ್ನಷ್ಟು ಸಡಿಲವಾಗುತ್ತದೆ. ಬರೀ ಸಾಕೆಟ್ ಬದಲಿಸಿ, ಸುಟ್ಟ ವೈರ್ ತುದಿಯನ್ನೇ ಮತ್ತೆ ಹಾಕಿದರೆ ಕೆಲವೇ ತಿಂಗಳಲ್ಲಿ ಹೊಸದೂ ಕಪ್ಪಾಗುತ್ತದೆ.

ಮೊದಲಿನಂತೆ ಎಲ್ಲ ಆಫ್ ಮಾಡಿ, ಫೋಟೊ ತೆಗೆದು, ಪ್ಲೇಟ್ ಬಿಚ್ಚಿ. ಕಪ್ಪಾದ ವೈರ್ ತುದಿ ಕತ್ತರಿಸಿ. ಒಳಗಿನ ತಾಮ್ರ ಹೊಳೆಯುವವರೆಗೆ ಕತ್ತರಿಸಬೇಕು. ಎಳೆಗಳನ್ನು ಬಿಗಿಯಾಗಿ ಹೊಸೆದು, ಒಂದೂ ಹೊರಗೆ ಉಳಿಯದಂತೆ ಟರ್ಮಿನಲ್ ಒಳಗೆ ಹಾಕಿ ಸ್ಕ್ರೂ ಬಿಗಿ ಮಾಡಿ. ಸಾಕೆಟ್‌ಗೆ ಎದುರಾಗಿ ನಿಂತಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಹಿಂದಿನಿಂದ ನೋಡುವಾಗ ಎಡಬಲ ಅದಲುಬದಲಾಗುತ್ತದೆ, ಹುಷಾರು. ಬಣ್ಣ ಸಾಮಾನ್ಯವಾಗಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಆದರೆ ಬಣ್ಣ ನಂಬಿ ಜೋಡಿಸಬೇಡಿ. ಹಿಂದೆ ಕೆಲಸ ಮಾಡಿದವರು ಕೈಗೆ ಸಿಕ್ಕ ವೈರ್ ಎಳೆದಿರುವ ಮನೆಗಳು ಬಹಳ ಇವೆ. ಸ್ವಿಚ್ ಯಾವಾಗಲೂ ಫೇಸನ್ನೇ ಕಡಿಯಬೇಕು. ನ್ಯೂಟ್ರಲ್ ಕಡಿಯುತ್ತಿದ್ದರೆ ಸ್ವಿಚ್ ಆಫ್ ಆದರೂ ಸಾಧನದೊಳಗೆ ಕರೆಂಟ್ ಇರುತ್ತದೆ.

ಜೋಡಿಸಿದ ಮೇಲೆ ಪ್ರತಿ ವೈರನ್ನೂ ಕೈಯಿಂದ ಜಗ್ಗಿ ನೋಡಿ. ಮುಚ್ಚಿ, ಆನ್ ಮಾಡಿ, ಸಾಕೆಟ್ ಟೆಸ್ಟರ್ ಹಾಕಿ. ಗೀಸರ್ ಕಾಲು ಗಂಟೆ ಓಡಿದ ಮೇಲೆ ಅದನ್ನು ಆಫ್ ಮಾಡಿ, ಪ್ಲಗ್ ತೆಗೆದು, ಪ್ಲೇಟ್ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ. ಸುಡುತ್ತಿದ್ದರೆ ಏನೋ ಸರಿಯಿಲ್ಲ.

ವೈರ್‌ನ ಪ್ಲಾಸ್ಟಿಕ್ ಹೊದಿಕೆ ಪೈಪ್ ಒಳಗಿನವರೆಗೂ ಸುಟ್ಟು ಗಟ್ಟಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಹೊಸ ವೈರ್ ಎಳೆಯಬೇಕು, ಅದು ನಿಮ್ಮ ಕೆಲಸವಲ್ಲ. ಹಾಗೆಯೇ ಎಂಸಿಬಿ ಪದೇ ಪದೇ ಬೀಳುತ್ತಿದೆ ಎಂದು 16 ಆಂಪ್ ತೆಗೆದು 32 ಆಂಪ್ ಹಾಕಿಸುವುದು ಮನೆಗೆ ಬೆಂಕಿ ತರುವ ದಾರಿ. ಎಂಸಿಬಿ ಬೀಳದಿದ್ದರೆ ವೈರ್ ಸುಡುತ್ತದೆ.

ಹಂತ 6: ಗೀಸರ್

ಗೀಸರ್ ಒಳಗೆ ಕೈ ಹಾಕಬೇಡಿ. ಕಾಯಿಲ್, ಥರ್ಮೋಸ್ಟಾಟ್, ಸೇಫ್ಟಿ ವಾಲ್ವ್ ಕಂಪನಿಯ ಮೆಕ್ಯಾನಿಕ್‌ಗೆ ಬಿಡಿ. ಸೇಫ್ಟಿ ವಾಲ್ವ್ ಸೋರುತ್ತಿದೆ ಎಂದು ಅದನ್ನು ಮುಚ್ಚಿಬಿಡುವುದಂತೂ ಟ್ಯಾಂಕ್ ಸಿಡಿಯಲು ದಾರಿ ಮಾಡಿದಂತೆ.

ನೀವು ಮಾಡಬೇಕಾದ್ದು ಲೆಕ್ಕ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ಅರ್ಧ ಯೂನಿಟ್ ಸ್ವಲ್ಪ ಮೀರುತ್ತದೆ. 2000 ವ್ಯಾಟ್ ಗೀಸರ್‌ಗೆ ಅದು 16 ನಿಮಿಷದ ಕೆಲಸ. ಬೆಳಿಗ್ಗೆ ಐದಕ್ಕೆ ಹಾಕಿ ಎಂಟರವರೆಗೆ ಬಿಟ್ಟರೆ ಟ್ಯಾಂಕ್ ತಣ್ಣಗಾದಷ್ಟೂ ಮತ್ತೆ ಕಾಯಿಸುತ್ತಲೇ ಇರುತ್ತದೆ. ಥರ್ಮೋಸ್ಟಾಟ್ 50–55ಕ್ಕೆ ಇಡಿ. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿ. ಕಾಯಲು ಅರ್ಧ ಗಂಟೆಗೂ ಜಾಸ್ತಿ ಹಿಡಿಯುತ್ತಿದ್ದರೆ ಮೊದಲು ವೋಲ್ಟೇಜ್ ನೋಡಿ. 230ರ ಬದಲು 200 ಬರುತ್ತಿದ್ದರೆ ಕಾಯಿಲ್‌ನ ಶಕ್ತಿ ಮುಕ್ಕಾಲಿಗೆ ಇಳಿಯುತ್ತದೆ. ವೋಲ್ಟೇಜ್ ಸರಿ ಇದ್ದೂ ತಡವಾದರೆ ಮೆಕ್ಯಾನಿಕ್ ಕರೆಯಿರಿ.

ಹಂತ 7: ಸೋರುವ ನಲ್ಲಿ, ಫ್ಲಶ್, ಪಂಪ್

ನಲ್ಲಿ ಸೋರುವುದಕ್ಕೂ ಕರೆಂಟ್ ಬಿಲ್‌ಗೂ ಏನು ಸಂಬಂಧ ಎಂದು ಕೇಳುವವರಿಗೆ: ಸಂಪ್‌ನಿಂದ ಮೇಲಿನ ಟ್ಯಾಂಕ್‌ಗೆ ನೀರು ಏರಿಸುವ 1 ಎಚ್‌ಪಿ ಪಂಪ್ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ತಿನ್ನುತ್ತದೆ. ಬೋರ್‌ವೆಲ್ ಮೋಟಾರ್ ಇನ್ನೂ ಜಾಸ್ತಿ. ಸೋರಿಹೋದ ನೀರನ್ನು ಮತ್ತೆ ಏರಿಸುತ್ತಿದ್ದೀರಿ. ಬಿಸಿನೀರಿನ ನಲ್ಲಿ ಸೋರಿದರೆ ಗೀಸರ್ ಕರೆಂಟೂ ಅದರ ಜೊತೆ ಹೋಗುತ್ತದೆ.

ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತದೆ. ರಾತ್ರಿ ಮಲಗುವ ಮುಂಚೆ ಟ್ಯಾಂಕ್‌ಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ, ಯಾರೂ ಫ್ಲಶ್ ಮಾಡಬಾರದು. ಕಮೋಡ್‌ಗೆ ಬಣ್ಣ ಇಳಿದಿದ್ದರೆ ಕೆಳಗಿನ ರಬ್ಬರ್ ವಾಷರ್ ಹೋಗಿದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅಳತೆ ತಪ್ಪುವುದಿಲ್ಲ.

ನಲ್ಲಿಗೆ: ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರು ಬಿಡಿ. ತಲೆಯ ಭಾಗವನ್ನು ಸ್ಪ್ಯಾನರ್‌ನಿಂದ ಬಿಚ್ಚಿ. ಹಳೆಯ ಕಾಲದ, ಸುತ್ತಿ ಸುತ್ತಿ ಮುಚ್ಚುವ ನಲ್ಲಿ ಆದರೆ ವಾಷರ್ ಬದಲಿಸಿದರೆ ಸಾಕು. ಕಾಲು ಸುತ್ತಿನಲ್ಲಿ ಮುಚ್ಚುವ ಹೊಸ ನಲ್ಲಿಯಾದರೆ ಒಳಗಿನ ಸ್ಪಿಂಡಲ್ ಪೂರ್ತಿ ಬದಲಿಸಬೇಕು. ಅದೇ ಕಂಪನಿಯದು ತನ್ನಿ. ಸ್ಪ್ಯಾನರ್ ಬಾಯಿಗೆ ಬಟ್ಟೆ ಸುತ್ತಿದರೆ ಪಾಲಿಶ್ ಕೆಡುವುದಿಲ್ಲ. ಜೋರಾಗಿ ತಿರುಚಬೇಡಿ. ಗೋಡೆಯೊಳಗಿನ ಹಳೆಯ ಪೈಪ್ ಒಡೆದರೆ ಆ ಖರ್ಚು ಬೇರೆಯದೇ.

ಪಂಪ್ ಆನ್ ಮಾಡಿ ಮರೆಯುವ ಮನೆಗಳಲ್ಲಿ ಫ್ಲೋಟ್ ಸ್ವಿಚ್ ಹಾಕಿಸಿ. ಟ್ಯಾಂಕ್ ತುಂಬಿದ ಕೂಡಲೇ ತಾನಾಗಿ ನಿಲ್ಲುತ್ತದೆ. ಅದರ ವೈರಿಂಗ್ ಎಲೆಕ್ಟ್ರಿಷಿಯನ್ ಮಾಡಲಿ. ನೀರು ಮತ್ತು ಕರೆಂಟ್ ಒಂದೇ ಕಡೆ ಸೇರುವ ಜಾಗ ಅದು.

ಹಂತ 8: ಉಳಿದವು, ಚುಟುಕಾಗಿ

ಫ್ರಿಜ್ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಗ್ಯಾಸ್ಕೆಟ್ (ಬಾಗಿಲ ಸುತ್ತಲಿನ ರಬ್ಬರ್) ಬದಲಿಸಬೇಕು. ಹಿಂದೆ ಕೈ ಅಗಲ ಜಾಗ ಬಿಡಿ, ಕಾಯಿಲ್ ಧೂಳು ಒರೆಸಿ.

ಚೋಕ್ ಇರುವ 40 ವ್ಯಾಟ್ ಟ್ಯೂಬ್‌ಲೈಟ್ ನಿಜವಾಗಿ ತಿನ್ನುವುದು 50 ದಾಟಿ. 20 ವ್ಯಾಟ್ ಎಲ್‌ಇಡಿ ಪಟ್ಟಿ ಹಾಕಿದರೆ ದಿನಕ್ಕೆ ಐದು ಗಂಟೆ ಉರಿಯುವ ಕಡೆ ತಿಂಗಳಿಗೆ ಐದು ಯೂನಿಟ್ ಹತ್ತಿರ ಉಳಿಯುತ್ತದೆ. ಹಳೆಯ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಹೊಂದಿಸಲು ಹೋಗಬೇಡಿ. ಪಟ್ಟಿ ಸಮೇತ ಬದಲಿಸುವುದೇ ಸುಲಭ, ಸುರಕ್ಷಿತ.

ಎಸಿ ಇದ್ದರೆ ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ, 24ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ನಲ್ಲಿ ನೀರು ಬೇಡ. ಕರೆಂಟ್ ಹೋಗದ ದಿನಗಳಲ್ಲೂ ಯುಪಿಎಸ್ ಎಷ್ಟು ತಿನ್ನುತ್ತಿದೆ ಎಂದು ಮೀಟರ್ ದೀಪದಿಂದ ಅಳೆಯಿರಿ. ಸೊರಗಿದ ಬ್ಯಾಟರಿ ಚಾರ್ಜ್ ಆಗುತ್ತಲೇ ಇರುತ್ತದೆ.

ಎಲೆಕ್ಟ್ರಿಷಿಯನ್ ಬಂದಾಗ, ಎಸ್ಕಾಂಗೆ ಕರೆ ಮಾಡುವಾಗ

ನಿಮ್ಮ ಪುಸ್ತಕ ತೋರಿಸಿ. ಯಾವ ಎಂಸಿಬಿ ಯಾವ ಕೋಣೆಯದು, ಎಲ್ಲಿ ಅರ್ಥ್ ಬಂದಿಲ್ಲ, ಯಾವ ಸಾಕೆಟ್ ಬಿಸಿಯಾಗುತ್ತದೆ ಎಂದು ಪಟ್ಟಿ ಕೊಡಿ. ಗೀಸರ್‌ಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಯಲು ಹೇಳಿ. ಕೆಲಸ ಮುಗಿದ ಮೇಲೆ ಅವರ ಎದುರಿಗೇ ಆರ್‌ಸಿಸಿಬಿಯ 'ಟಿ' ಗುಂಡಿ ಒತ್ತಿ ನೋಡಿ.

ಹೊಸದಾಗಿ ಎಸಿಯನ್ನೋ ಎರಡನೇ ಗೀಸರನ್ನೋ ಹಾಕುವ ಮುಂಚೆ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನೋಡಿ. ಅದು ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಹಾಕಬೇಕು. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲೇ ಬರುವುದರಿಂದ ಅದೂ ಏರುತ್ತದೆ.

ಎಲ್ಲ ಆಫ್ ಮಾಡಿದರೂ, ಮನೆಯ ಮೇನ್ ಇಳಿಸಿದರೂ ಮೀಟರ್ ಓಡುತ್ತಿದ್ದರೆ, ಕಂಬದ ವೈರ್ ಕಿಡಿ ಹಾರಿಸುತ್ತಿದ್ದರೆ, ವೋಲ್ಟೇಜ್ ಒಮ್ಮೆಲೇ ಏರಿ ದೀಪಗಳು ಪ್ರಖರವಾಗಿ ಉರಿಯುತ್ತಿದ್ದರೆ 1912ಕ್ಕೆ ಕರೆ ಮಾಡಿ. ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಕೇಳುತ್ತಾರೆ, ಅದು ಬಿಲ್ ಮೇಲೆ ಇರುತ್ತದೆ. ದೀಪ ಪ್ರಖರವಾಗುವುದು ನ್ಯೂಟ್ರಲ್ ಬಿಟ್ಟುಕೊಂಡ ಲಕ್ಷಣ. ಅಂಥ ಹೊತ್ತಲ್ಲಿ ಕರೆ ಮಾಡುವ ಮುಂಚೆಯೇ ಮೇನ್ ಇಳಿಸಿ, ಇಲ್ಲವಾದರೆ ಟಿವಿ, ಫ್ರಿಜ್ ಸುಟ್ಟುಹೋಗುತ್ತವೆ.

ರಿಪೇರಿ ಆದ ಪ್ರತಿ ಸಾಧನವನ್ನೂ ಮತ್ತೊಮ್ಮೆ ಮೀಟರ್ ದೀಪದಿಂದ ಅಳೆದು, ಹಳೆಯ ಸಂಖ್ಯೆಯ ಪಕ್ಕದಲ್ಲೇ ಬರೆದಿಡಿ. ಬಿಲ್ ಬಂದಾಗ ಹೋಲಿಸುವುದಿದ್ದರೆ ಕಳೆದ ತಿಂಗಳ ಬಿಲ್ ಜೊತೆ ಬೇಡ, ಕಳೆದ ವರ್ಷದ ಇದೇ ತಿಂಗಳ ಬಿಲ್ ಜೊತೆ ಹೋಲಿಸಿ. ಏಪ್ರಿಲ್‌ಗೂ ಜುಲೈಗೂ ಫ್ಯಾನ್ ಓಡುವ ಗಂಟೆಗಳೇ ಬೇರೆ.